ಕಂಪ್ಲಿಯಲ್ಲಿ ಹೊಳೆದಂಡೆಯ ಓಣಿಯಲ್ಲಿ ಮನೆ ನೋಡಿದ್ದೇವೆ, ಅಲ್ಲಿ ಬಾಳಿದವರು ಹೇಳಿ

ಮಿಲ್ ಗುಮಾಸ್ತ · ಮೇ 11

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಹೆಂಡತಿ ಕಂಪ್ಲಿ ಹತ್ತಿರದ ಶಾಲೆಯಲ್ಲಿ ಟೀಚರ್. ಹನ್ನೊಂದು ವರ್ಷದಿಂದ ಗಂಗಾವತಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅವಳು ದಿನಾ ಬೆಳಿಗ್ಗೆ ತುಂಗಭದ್ರಾ ಹೊಳೆ ದಾಟಿ ಹೋಗುತ್ತಾಳೆ, ಸಂಜೆ ದಾಟಿ ಬರುತ್ತಾಳೆ. ಇನ್ನು ಸಾಕು, ಕಂಪ್ಲಿಯಲ್ಲೇ ಸ್ವಂತ ಮನೆ ಮಾಡೋಣ ಅಂತ ನೋಡುತ್ತಿದ್ದೆವು.

ಕೋಟೆ ಕಡೆ, ಹೊಳೆಗೆ ಇಳಿಯುವ ಒಂದು ಸಣ್ಣ ಓಣಿಯಲ್ಲಿ ಮನೆ ಬಂದಿದೆ. ಓಣಿಯಲ್ಲಿ ಮೂವತ್ತು ಮೂವತ್ತೈದು ಮನೆ ಇರಬಹುದು. 30×40 ಸೈಟು, ಆರ್‌ಸಿಸಿ ಮನೆ, 2012ರಲ್ಲಿ ಕಟ್ಟಿದ್ದು. ಓಣಿಯ ಕೊನೆಯ ಮನೆ. 28 ಲಕ್ಷ ಹೇಳುತ್ತಿದ್ದಾರೆ.

ನಾವು ನೋಡಲು ಹೋದದ್ದು ಸಂಜೆ. ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಹೊಳೆ. ಬಂಡೆಗಳ ನಡುವೆ ನೀರು, ಆಚೆ ದಡದಲ್ಲಿ ಬಾಳೆತೋಟ. ನಮ್ಮ ಅವ್ವನಿಗೆ ಮೊಣಕಾಲು ನೋವು, ಎಲ್ಲೂ ಜಾಸ್ತಿ ಹೊತ್ತು ಕೂರುವವಳಲ್ಲ. ಆ ಹಿತ್ತಲ ಮೆಟ್ಟಿಲ ಮೇಲೆ ಕೂತವಳು ಕತ್ತಲಾದರೂ ಏಳಲಿಲ್ಲ. ಅವಳ ತವರಿನವರು ತುಂಗಭದ್ರಾ ಡ್ಯಾಮು ಕಟ್ಟಿದಾಗ ಊರು ಮುಳುಗಿ ಎದ್ದು ಬಂದವರು. "ಇದೇ ನೀರು ಅಲ್ವಾ" ಅಂದಳು, ಅಷ್ಟೇ.

ಮನಸ್ಸು ಅಲ್ಲೇ ನಿಂತಿದೆ. ಆದರೆ ಹೊಳೆ ಬಂದಾಗ ಆ ಓಣಿಯ ಗತಿ ಏನು, ಕಾಗದ ಪತ್ರ ಹೇಗೆ ನೋಡಬೇಕು, ದಿನದ ಬದುಕು ಹೇಗಿರುತ್ತದೆ, ಇದೆಲ್ಲ ಗೊತ್ತಿದ್ದವರು ದಯವಿಟ್ಟು ಹೇಳಿ. ಜೀವಮಾನದ ದುಡ್ಡು ಇದು.

ಕೋಟೆ ಸೊಸೆ · ಮೇ 11

ಅಣ್ಣಾ, ನೀವು ಹೇಳುವುದರ ಪಕ್ಕದ ಓಣಿಯೇ ನಮ್ಮದು. ಮದುವೆಯಾಗಿ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೊದಲು ಹೊಳೆ ಬಂದ ಮಾತು. 2019ರ ಆಗಸ್ಟ್ ಎರಡನೇ ವಾರ. ಡ್ಯಾಮಿನಿಂದ ಎರಡು ಲಕ್ಷ ಕ್ಯೂಸೆಕ್ ದಾಟಿಸಿ ಬಿಟ್ಟಿದ್ದರು. ಹಂಪಿ ಹತ್ತಿರ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ತಂದರಲ್ಲ, ಅದೇ ವಾರ. ಇಲ್ಲಿ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು ಮನೆ ಖಾಲಿ ಮಾಡಿ ಅಂತ ಕೂಗಿದರು. ನಾವೆಲ್ಲ ಹಿತ್ತಲ ಬಾಗಿಲಲ್ಲಿ ನಿಂತು ಹೊಳೆ ನೋಡುತ್ತಿದ್ದೆವು, ಇನ್ನೂ ಅಷ್ಟು ದೂರ ಇದೆ ಅಂತ ಮಾತಾಡುತ್ತಿದ್ದೆವು. ನಮ್ಮ ಮನೆಗೆ ನೀರು ಹಿತ್ತಲಿನಿಂದ ಬರಲೇ ಇಲ್ಲ. ಬಚ್ಚಲ ಮೋರಿಯಿಂದ ಬಂತು. ಗುಳುಗುಳು ಸದ್ದು ಕೇಳಿ ಹೋಗಿ ನೋಡಿದರೆ ತೂತಿನಿಂದ ಕೆಂಪು ನೀರು ಉಕ್ಕುತ್ತಿದೆ. ಹೊಳೆ ಏರಿದರೆ ಚರಂಡಿ ನೀರಿಗೆ ಹೋಗಲು ದಾರಿ ಇರುವುದಿಲ್ಲ, ಹಿಂದಕ್ಕೆ ತಿರುಗುತ್ತದೆ. ಅತ್ತೆ ಹಳೇ ಸೀರೆ ಸುತ್ತಿ ತೂತಿಗೆ ತುರುಕಿ ಮೇಲೆ ಒರಳು ಕಲ್ಲು ಇಟ್ಟರು. ಅದು ಅರ್ಧ ತಾಸು ತಡೆಯಿತು. ಆ ಅರ್ಧ ತಾಸಿನಲ್ಲಿ ಅಕ್ಕಿ ಡಬ್ಬಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಅಟ್ಟಕ್ಕೆ ಹಾಕಿದೆವು.

ನೀರು ಇಳಿದ ಮೇಲಿನ ಕೆಲಸವೇ ಹೆಚ್ಚು. ನೆಲದ ಮೇಲೆ ಗೇಣುದ್ದ ರಾಡಿ ಕೂತಿರುತ್ತದೆ. ಅದು ಒಣಗುವುದರೊಳಗೆ ಬಳಿದು ಹಾಕಬೇಕು. ಒಣಗಿದರೆ ಗುದ್ದಲಿಗೂ ಜಗ್ಗುವುದಿಲ್ಲ. ಸರ್ಕಾರದಿಂದ 10,000 ಬಂತು. ಹೋದದ್ದು ಅದಕ್ಕಿಂತ ಜಾಸ್ತಿ.

ಇಷ್ಟಾದರೂ ನಾವು ಬಿಟ್ಟು ಹೋಗಿಲ್ಲ. ಯಾಕೆ ಅಂತ ನಮ್ಮ ತವರಿನವರು ಕೇಳುತ್ತಿರುತ್ತಾರೆ. ಆ ರಾತ್ರಿ ಮೇಲಿನ ಓಣಿಯವರು ತಮ್ಮ ಮನೆಯ ಬಾಗಿಲು ತೆಗೆದು ಹದಿನಾಲ್ಕು ಜನರನ್ನು ಮಲಗಿಸಿಕೊಂಡರು. ಅವರ ಮಗಳ ಮದುವೆಗೆ ನಮ್ಮ ಓಣಿಯ ಹೆಂಗಸರೆಲ್ಲ ವಾರ ಮೊದಲೇ ಹೋಗಿ ಶಾವಿಗೆ ಹೊಸೆದೆವು. ಬಾಡಿಗೆ ಮನೆ ಬದಲಿಸುತ್ತಾ ಹೋದರೆ ಇದು ಸಿಗುವುದಿಲ್ಲ.

ದಿನದ ಬದುಕು ಹೇಳಬೇಕೆಂದರೆ, ಬೆಳಗಿನ ಜಾವ ಮೀನಿನವರ ಹರಗೋಲು ಬರುತ್ತದೆ, ಹೊಳೆಯ ಗಾಳಿ ಬರುತ್ತದೆ. ಭತ್ತದ ನಾಟಿ ಶುರುವಾದರೆ ಸೊಳ್ಳೆ ವಿಪರೀತ, ಕಿಟಕಿಗೆಲ್ಲ ಜಾಳಿಗೆ ಹಾಕಿಸಲೇಬೇಕು. ಮಳೆಗಾಲದಲ್ಲಿ ಹಾವು ಬರುತ್ತವೆ. ಹೊಳೆಯಲ್ಲಿ ಮೊಸಳೆ ಇವೆ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಅದೃಷ್ಟ ಇದ್ದರೆ ನೀರುನಾಯಿ ಕಾಣುತ್ತವೆ. ಕೊಪ್ಪಳ ಕಡೆಯ ಮುದ್ಲಾಪುರದಿಂದ ನಮ್ಮ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ನನ್ನ ಮಗಳು ಅವು ಬಂಡೆ ಮೇಲೆ ಮೈ ಒರೆಸಿಕೊಳ್ಳುವುದನ್ನು ನೋಡುತ್ತಲೇ ದೊಡ್ಡವಳಾದಳು.

ನೀವು ಹೇಳುವ ಕೊನೆಯ ಮನೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅವರೂ ನಮ್ಮವರೇ. ನೀವೇ ಇನ್ನೊಮ್ಮೆ ಹೋಗಿ ನೋಡಿ. ಗೋಡೆ ನೋಡಿ.

ಸಿರುಗುಪ್ಪದವನು · ಮೇ 12

ತಗೋಬೇಡಿ. ಬೇರೆ ಮಾತೇ ಇಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಮೇಲೆ ಮಳೆ, ಒಂದು ಕಡೆ ಹಗರಿ, ಇನ್ನೊಂದು ಕಡೆ ತುಂಗಭದ್ರೆ. ಅಕ್ಟೋಬರ್ 2ಕ್ಕೆ ಮಂತ್ರಾಲಯದ ಮಠದೊಳಗೇ ನೀರು ಹೊಕ್ಕಿತ್ತು. ನಮ್ಮದು ಕಲ್ಲು ಮಣ್ಣಿನ ಗೋಡೆಯ ಮನೆ. ನೀರು ನಿಂತಿರುವಾಗ ಬೀಳಲಿಲ್ಲ. ನೀರು ಇಳಿದು ಎರಡು ದಿನ ಆದ ಮೇಲೆ, ಬಿಸಿಲು ಬಿದ್ದಾಗ, ಒಂದು ಗೋಡೆ ಕೂತುಕೊಂಡಂತೆ ಕುಸಿಯಿತು. ಅಪ್ಪ ಆಗ ಒಳಗಿಂದ ಪಾತ್ರೆ ತೆಗೆದುಕೊಂಡು ಹೊರಗೆ ಬಂದಿದ್ದರು ಅಷ್ಟೇ.

ಆಮೇಲೆ ನೆರೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಇದ್ದ ಸರ್ಕಾರದ ಆಸರೆ ಯೋಜನೆಯ ಮನೆ ಸಿಕ್ಕಿತು. ಸಿಕ್ಕಿದ್ದಕ್ಕೆ ಋಣಿ. ಆದರೆ ಹೊಲ ಒಂದು ಕಡೆ, ಮನೆ ಒಂದು ಕಡೆ ಆಯಿತು. ದನ ಕಟ್ಟಲು ಜಾಗ ಇರಲಿಲ್ಲ. ಅಪ್ಪ ಕೊನೆವರೆಗೂ ಬಿದ್ದ ಮನೆಯ ಜಾಗಕ್ಕೆ ದಿನಾ ಹೋಗಿ ಕೂತು ಬರುತ್ತಿದ್ದರು.

ನಿಮ್ಮ ತಾಯಿಗೆ ಮೊಣಕಾಲು ನೋವು ಅಂತೀರಿ. ರಾತ್ರಿ ಎರಡು ಗಂಟೆಗೆ ಮೈಕು ಕೂಗಿದರೆ ಅವರನ್ನು ಎತ್ತಿಕೊಂಡು ಓಡುತ್ತೀರಾ?

ಕಾಲುವೆ ಕಾಕಾ · ಮೇ 12

ನಾನು ಎಡದಂಡೆ ಕಾಲುವೆಯ ಮೇಲೆ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹೆದರಿಸುವುದಕ್ಕೆ ಹೇಳುವುದಿಲ್ಲ, ಲೆಕ್ಕ ತಿಳಿದಿರಲಿ ಅಂತ ಹೇಳುತ್ತೇನೆ. ನೀವೂ ಲೆಕ್ಕದವರೇ ಅಲ್ವಾ.

ಒಂದು ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಎರಡು ಕೊಡ ಅಂತ ಇಟ್ಟುಕೊಳ್ಳಿ. 11,574 ಕ್ಯೂಸೆಕ್ ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ನಮ್ಮ ಡ್ಯಾಮಿನ ಪೂರ್ತಿ ಮಟ್ಟ 1633 ಅಡಿ. 1953ರಲ್ಲಿ ಮುಗಿದಾಗ 133 ಟಿಎಂಸಿ ಹಿಡಿಯುವ ಲೆಕ್ಕ ಇತ್ತು. ಹೂಳು ತುಂಬುತ್ತಾ ಬಂದು ಲೆಕ್ಕ 105.788ಕ್ಕೆ ಇಳಿಯಿತು.

ಈಗ ಆಗಸ್ಟ್ ತಿಂಗಳು ಅಂದುಕೊಳ್ಳಿ. ಡ್ಯಾಮು ತುಂಬಲು 5 ಟಿಎಂಸಿ ಮಾತ್ರ ಬಾಕಿ ಇದೆ. ಮಲೆನಾಡಿನಲ್ಲಿ ಮಳೆ ಜೋರಾಗಿ ಒಳಹರಿವು ಒಂದೂವರೆ ಲಕ್ಷ ಆಯಿತು. ಅಂದರೆ ದಿನಕ್ಕೆ ಸುಮಾರು 13 ಟಿಎಂಸಿ. ಆ 5 ಟಿಎಂಸಿ ಜಾಗ ಒಂಬತ್ತು ತಾಸಿನಲ್ಲಿ ಮುಗಿಯುತ್ತದೆ. ಆಮೇಲೆ ಬಂದದ್ದನ್ನೆಲ್ಲ ಹಾಗೇ ಕೆಳಗೆ ಬಿಡಬೇಕು. ಡ್ಯಾಮು ಇದೆ, ನಮ್ಮನ್ನು ಕಾಯುತ್ತದೆ ಅಂತ ಕೆಳಗಿನ ಊರುಗಳಲ್ಲಿ ತುಂಬಾ ಜನ ನಂಬಿದ್ದಾರೆ. ಖಾಲಿ ಇದ್ದಾಗ ಕಾಯುತ್ತದೆ. ತುಂಬಿದ ಮೇಲೆ ಕಾಯುವ ಶಕ್ತಿ ಅದಕ್ಕೆ ಇರುವುದಿಲ್ಲ.

ಇನ್ನೊಂದು ಮಾತು. ಕಂಪ್ಲಿಯಲ್ಲಿ ಬಿಸಿಲು ಸುಡುತ್ತಿರುವಾಗಲೇ ಹೊಳೆ ಬರುತ್ತದೆ. ಯಾಕೆಂದರೆ ಅದು ನಮ್ಮ ಮಳೆಯ ನೀರಲ್ಲ. ತುಂಗಾ, ಭದ್ರಾ, ವರದಾ ಮೂರೂ ಮೇಲಿನ ಕಡೆಯಿಂದ ತರುವ ನೀರು. ಮೋಡ ನೋಡಿ ಅಂದಾಜು ಮಾಡಬೇಡಿ. ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಪ್ರಕಟವಾಗುತ್ತವೆ, ಪೇಪರಿನಲ್ಲೂ ಬರುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ ಚಹಾ ಕುಡಿಯುವಾಗ ಆ ಮೂರು ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

2024ರ ಆಗಸ್ಟ್ 10ರ ರಾತ್ರಿ ಇದಕ್ಕೂ ಹೊರತಾದದ್ದು. 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನುಗ್ಗಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆಗೆದರು. ವಾರದೊಳಗೆ, ಹರಿಯುವ ನೀರಿನಲ್ಲೇ ಕಿಂಡಿ ಮುಚ್ಚುವ ಕಬ್ಬಿಣದ ತಡೆಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಆ ಕೆಲಸ ಮಾಡಿದವರಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಯಿತು. ಒಳ್ಳೆಯದೇ ಆಯಿತು. ಆದರೆ ಗೇಟು ಹೊಸದಾದರೂ ಮೇಲೆ ಹೇಳಿದ ಲೆಕ್ಕ ಬದಲಾಗುವುದಿಲ್ಲ.

ಬಾಳೆತೋಟ · ಮೇ 12

ಗುಮಾಸ್ತರೇ, ನೀವು ಕಂಪ್ಲಿಗೆ ಬಂದರೆ ಟೀಚರಮ್ಮನಿಗೆ ಹೊಳೆ ದಾಟುವುದು ತಪ್ಪುತ್ತದೆ. ಆದರೆ ನಿಮಗೆ ಶುರುವಾಗುತ್ತದೆ! ಕಂಪ್ಲಿ–ಗಂಗಾವತಿ ಸೇತುವೆ ತಗ್ಗಿನದು. ಹೊರಹರಿವು ಲಕ್ಷ ದಾಟಿ ಏರುತ್ತಾ ಹೋದರೆ ಮುಳುಗುತ್ತದೆ. 2019ರಲ್ಲೂ ಮುಳುಗಿತ್ತು, 2022ರ ಜುಲೈನಲ್ಲೂ ಮುಳುಗಿತ್ತು. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮೇಲೆ ಸುತ್ತಿ ಹೋಗಬೇಕು. ಹದಿನೈದು ಕಿಲೋಮೀಟರೂ ಇಲ್ಲದ ದಾರಿ ದುಪ್ಪಟ್ಟಾಗುತ್ತದೆ. ನೀರು ಇಳಿದ ತಕ್ಷಣವೂ ಬಿಡುವುದಿಲ್ಲ, ಕಂಬಿ ಕಿತ್ತಿರುತ್ತದೆ, ಕಸ ಕಟ್ಟಿರುತ್ತದೆ, ನೋಡಿ ಸರಿ ಮಾಡಿ ಬಿಡುತ್ತಾರೆ. ಲಾರಿಗಳು ನಿಂತು ನಮ್ಮ ಬಾಳೆಗೊನೆ ಎಷ್ಟು ಸಲ ಲಾರಿಯಲ್ಲೇ ಹಣ್ಣಾಗಿವೆಯೋ.

ಮಿಲ್ ಗುಮಾಸ್ತ · ಮೇ 12

ಅದನ್ನು ನಾನು ಯೋಚಿಸಿಯೇ ಇರಲಿಲ್ಲ ನೋಡಿ. ವರ್ಷಕ್ಕೆ ಕೆಲವು ದಿನದ ಸುತ್ತು ಆದರೆ ತಡೆದುಕೊಳ್ಳಬಹುದು. ಅವಳು ಹನ್ನೊಂದು ವರ್ಷ ತಡೆದುಕೊಂಡಿದ್ದಾಳೆ.

ಬಾಂಡ್ ಬರಹ · ಮೇ 13

ಪತ್ರದ ವಿಷಯ ನಾನು ಹೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಖರೀದಿ ಪತ್ರ ಬರೆಯುತ್ತಿದ್ದೇನೆ.

ಕಂಪ್ಲಿ ಹಿಂದೆ ಹೊಸಪೇಟೆ ತಾಲೂಕಿನಲ್ಲಿತ್ತು. ಆಮೇಲೆ ತಾನೇ ತಾಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಅತ್ತ ಹೋಯಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಹಾಗಾಗಿ ಹಳೇ ಪತ್ರಗಳಲ್ಲಿ ಹೊಸಪೇಟೆ ತಾಲೂಕು ಅಂತಲೇ ಇರುತ್ತದೆ. ಇಸಿ (ಋಣಭಾರ ಪತ್ರ) ತೆಗೆಸುವಾಗ ಇದನ್ನು ಮರೆಯಬೇಡಿ. ಆನ್‌ಲೈನ್‌ನಲ್ಲಿ 2004ರಿಂದ ಈಚೆಗಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದನ್ನು ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಿ. ಮೂವತ್ತು ವರ್ಷದ್ದು ಬೇಕು ಅಂತ ಹಟ ಹಿಡಿಯಿರಿ.

ಹೊಳೆದಂಡೆಯ ಸೈಟಿಗೆ ಎರಡು ವಿಷಯ ಮುಖ್ಯ. ಒಂದು, ಮೂಲ ಸರ್ವೆ ನಂಬರಿನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿತ್ತು ಅಂತ ನೋಡಿ. ಹಳ್ಳ, ದಾರಿ, ಹೊಳೆಪಾತ್ರ ಬಿ ಖರಾಬಿನಲ್ಲಿ ಬರುತ್ತವೆ. ಅದು ಸಾರ್ವಜನಿಕರದು, ಯಾರೂ ಮಾರುವಂತಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಮನೆಯ ಮುಂದೆ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಹಿತ್ತಲಿಗೆ ಹೋಗಿ ಇನ್ನೊಮ್ಮೆ ತೆರೆದು ನೋಡಿ. ಮುಂಬಾಗಿಲು ಒಂದು ನಂಬರಿನಲ್ಲಿ, ಹಿತ್ತಲು ಖರಾಬಿನಲ್ಲಿ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ್ಯಪ್ ಸುಳಿವು ಮಾತ್ರ, ಅದನ್ನೇ ದಾಖಲೆ ಅಂದುಕೊಳ್ಳಬೇಡಿ. ಸಂಶಯ ಬಂದರೆ ಸರ್ವೆಯವರಿಂದ ಅಳತೆ ಮಾಡಿಸಿ.

ಎರಡು, ಪುರಸಭೆಯ ಇ-ಖಾತಾ. 2025ರಲ್ಲಿ ಅನಧಿಕೃತ ಸೈಟುಗಳಿಗೂ ಬಿ ಖಾತಾ ಕೊಡಲು ಶುರು ಮಾಡಿದ ಮೇಲೆ ತುಂಬಾ ಜನ "ಖಾತಾ ಆಗಿದೆ ಸರ್" ಅನ್ನುತ್ತಾರೆ. ಯಾವ ಖಾತಾ ಅಂತ ಕೇಳಿ. ಬಿ ಖಾತಾದಲ್ಲಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಅಷ್ಟರಿಂದಲೇ ಸೈಟು ಸಕ್ರಮ ಆಗುವುದಿಲ್ಲ. ಬ್ಯಾಂಕ್ ಸಾಲಕ್ಕೂ ತೊಡಕು.

ಇನ್ನು ಮಾರುವವರ ಅಕ್ಕತಂಗಿಯರು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. 2005ರ ತಿದ್ದುಪಡಿ ಬಂದು, 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹುಟ್ಟಿನಿಂದಲೇ ಹಕ್ಕು ಅಂತ ಸ್ಪಷ್ಟ ಮಾಡಿದೆ. "ಅವರೇನೂ ಕೇಳೋದಿಲ್ಲ ಬಿಡಿ" ಅಂತ ಮಾರುವವರು ಅಂದರೆ, ಹಾಗಿದ್ದ ಮೇಲೆ ಬಂದು ಸಹಿ ಹಾಕಲಿ ಅನ್ನಿ.

ಖರ್ಚು: ಮುದ್ರಾಂಕ, ಸೆಸ್ಸು ಸೇರಿ ಪಟ್ಟಣದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6 ಎತ್ತಿಡಿ. 28 ಲಕ್ಷಕ್ಕೆ ಎರಡು ಲಕ್ಷದ ಮೇಲೆ ಹೋಗುತ್ತದೆ.

ಬೆಂಗಳೂರು ಮಗ · ಮೇ 13

ಅದೇ ದಂಡೆಯಲ್ಲಿ ಹಳೇ ಮನೆ ಕೊಂಡು ಹೋಂಸ್ಟೇ ಮಾಡಬಹುದಾ? ಹಂಪಿ ಹತ್ತಿರವೇ ಅಲ್ವಾ?

ಬಾಂಡ್ ಬರಹ · ಮೇ 13

ತಮ್ಮಾ, ಮನೆ ಕೊಳ್ಳುವುದು ಬೇರೆ, ದಂಧೆ ಮಾಡುವುದು ಬೇರೆ. ಹಂಪಿ ಸುತ್ತಲಿನ ಊರುಗಳಲ್ಲಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಮಾರ್ಚಿನಲ್ಲಿ ಕೆಡವಿದರು. ಅಲ್ಲಿ ದುಡ್ಡು ಹಾಕಿದವರು ನನಗೆ ಗೊತ್ತು. ಮೊದಲು ಆ ಊರು ಯಾವ ವಲಯದಲ್ಲಿದೆ ಅಂತ ಲಿಖಿತವಾಗಿ ಕೇಳಿ, ಆಮೇಲೆ ಮುಂದಿನ ಮಾತು.

ಗೌಂಡಿ ಮಗ · ಮೇ 14

ಅಣ್ಣಾ, ಸಂಜೆ ಹೊತ್ತು ಮನೆ ನೋಡಬೇಡಿ. ಸಂಜೆ ಬೆಳಕಿನಲ್ಲಿ ಎಲ್ಲ ಮನೆಯೂ ಚೆಂದ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ. ಬ್ಯಾಟರಿ, ಟೇಪು ತಗೊಂಡು ಹೋಗಿ.

ಸುಣ್ಣ ಬಣ್ಣ ಹೊಸದಾಗಿದ್ದರೆ ಗೋಡೆಯ ಕೆಳಭಾಗ ಬೆರಳಿನಿಂದ ತಟ್ಟಿ. ಗಿಲಾವು ಬಿಟ್ಟಿದ್ದರೆ ಟೊಳ್ಳು ಸದ್ದು ಬರುತ್ತದೆ. ನೀರು ಕುಡಿದ ಗೋಡೆ ಉಪ್ಪು ಕಕ್ಕುತ್ತದೆ, ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಎಷ್ಟು ಸಲ ಬಣ್ಣ ಹೊಡೆದರೂ ಅದೇ ಎತ್ತರದಲ್ಲಿ ಮತ್ತೆ ಏಳುತ್ತದೆ. ಬಾಗಿಲ ಚೌಕಟ್ಟಿನ ಬುಡ ನೋಡಿ. ಸ್ವಿಚ್ ಬೋರ್ಡು ಎಷ್ಟು ಎತ್ತರದಲ್ಲಿವೆ ನೋಡಿ. ಒಮ್ಮೆ ನೀರು ಕಂಡವರು ಆಮೇಲೆ ಮೇಲಕ್ಕೆ ಹಾಕಿಸಿರುತ್ತಾರೆ. ಒಳಗೆ ನೋಡುವಾಗ ತಿಜೋರಿ, ಮಂಚ ಇಂಥವುಗಳ ಹಿಂದೆ ನೋಡಿ. ಬಣ್ಣದವರು ಅವನ್ನೆಲ್ಲ ಸರಿಸುವುದಿಲ್ಲ.

ಹೊಳೆದಂಡೆಯಲ್ಲಿ ಬಾಳಬೇಕು ಅಂದರೆ ಮನೆಯನ್ನು ಅದಕ್ಕೆ ತಕ್ಕ ಹಾಗೆ ಮಾಡಿಕೊಳ್ಳಬೇಕು. ನಾನು ಮಾಡಿಕೊಟ್ಟ ಮನೆಗಳಲ್ಲಿ ಕೆಳಗೆ ಮರದ ಚೌಕಟ್ಟು ಬೇಡ ಅಂತಲೇ ಹೇಳುತ್ತೇನೆ, ಕಲ್ಲಿನದು ಹಾಕಿಸಿ. ಕಪಾಟಿನ ಹಲಗೆ ಕಡಪ ಕಲ್ಲಿನದು ಇರಲಿ, ಪ್ಲೈವುಡ್ ಒಂದೇ ಸಲಕ್ಕೆ ಉಬ್ಬಿ ಹೋಗುತ್ತದೆ. ಮೀಟರು, ಬೋರ್ಡು ಎಲ್ಲ ಎದೆಮಟ್ಟಕ್ಕಿಂತ ಮೇಲೆ. ಮೋರಿ ಪೈಪಿಗೆ ಒಂದೇ ಕಡೆ ತೆರೆಯುವ ವಾಲ್ವು ಹಾಕಿಸಿ, ನೀರು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಕೋಟೆ ಅಕ್ಕ ಸೀರೆ ತುರುಕಿದರು ಅಂದರಲ್ಲ, ಆ ಕೆಲಸ ಈ ವಾಲ್ವು ಮಾಡುತ್ತದೆ. ವರ್ಷಕ್ಕೊಮ್ಮೆ ಮಿರಗದ ಮಳೆಗೆ ಮುಂಚೆ ತೆಗೆದು ತೊಳೆಯಬೇಕು, ಇಲ್ಲದಿದ್ದರೆ ಕಸ ಸಿಕ್ಕಿ ತೆರೆದುಕೊಂಡೇ ಇರುತ್ತದೆ. ನೀರಿನ ಸಂಪಿನ ಬಾಯಿ ನೆಲಕ್ಕಿಂತ ಎತ್ತರ ಕಟ್ಟಿಸಿ.

ವಿಮೆ ಕೌಂಟರ್ · ಮೇ 14

ಒಂದು ಸಣ್ಣ ಸೇರ್ಪಡೆ. 2021ರ ಏಪ್ರಿಲ್‌ನಿಂದ "ಭಾರತ್ ಗೃಹ ರಕ್ಷಾ" ಅಂತ ಮನೆಗಾಗಿಯೇ ಒಂದು ಪಾಲಿಸಿ ಬಂದಿದೆ. ಎಲ್ಲ ಕಂಪನಿಯವರದೂ ಒಂದೇ ಒಕ್ಕಣೆ. ಪ್ರವಾಹದ ಹಾನಿಯೂ ಅದರಲ್ಲಿ ಸೇರಿದೆ. ಮನೆಯ ವಿಮೆ ಮಾಡಿಸಿದರೆ ಸಾಮಾನಿಗೂ ಅದರ ಶೇ. 20ರಷ್ಟು, 10 ಲಕ್ಷದವರೆಗೆ, ತಾನಾಗಿಯೇ ಬರುತ್ತದೆ. ಮಾಡಿಸುವಾಗ ಹೊಳೆದಂಡೆ ಅಂತ ಮುಚ್ಚಿಡಬೇಡಿ, ಹಿಂದೆ ನೀರು ಬಂದದ್ದನ್ನು ಕೇಳಿದರೆ ಹೇಳಿಬಿಡಿ.

ಮಿಲ್ ಗುಮಾಸ್ತ · ಮೇ 18

ಭಾನುವಾರ ಮಧ್ಯಾಹ್ನ ಒಬ್ಬನೇ ಹೋಗಿ ಬಂದೆ. ಬ್ಯಾಟರಿ, ಟೇಪು ಎರಡೂ ಇದ್ದವು.

ಪಡಸಾಲೆಗೆ ಹೊಸ ಬಣ್ಣ, ತಿಳಿ ಹಸಿರು. ಗೋಡೆ ತಟ್ಟಿದೆ. ಕೆಳಗೆ ಟೊಳ್ಳು, ಮೇಲೆ ಗಟ್ಟಿ. ಒಳಕೋಣೆಯಲ್ಲಿ ಕಬ್ಬಿಣದ ತಿಜೋರಿ ಇತ್ತು. ಅದರ ಹಿಂದೆ ಬ್ಯಾಟರಿ ಬಿಟ್ಟೆ. ಅಲ್ಲಿ ಹಳೇ ಬಣ್ಣವೇ ಇದೆ. ಆ ಬಣ್ಣದ ಮೇಲೆ ಅಡ್ಡಕ್ಕೆ, ಸ್ಕೇಲಿನಿಂದ ಎಳೆದ ಹಾಗೆ, ಒಂದು ಮಣ್ಣಿನ ಗೆರೆ. ಗೆರೆಯ ಕೆಳಗೆಲ್ಲ ಕೆಂಪು, ಮೇಲೆ ಬಿಳಿ. ಟೇಪು ಹಿಡಿದೆ. 41 ಇಂಚು. ನನ್ನ ಸೊಂಟದ ಮೇಲೆ ಬಂತು. ತಿಜೋರಿಯ ಕಾಲು ಬುಡದಲ್ಲಿ ತುಕ್ಕು ಹಿಡಿದು ಪದರು ಪದರಾಗಿ ಎದ್ದಿತ್ತು. ಬಾಗಿಲ ಚೌಕಟ್ಟಿನ ಕೆಳಗಿನ ಒಂದೂವರೆ ಅಡಿ ಬೇರೆ ಮರ, ಬಣ್ಣದ ಕೆಳಗೆ ಜೋಡಿಸಿದ್ದು ಕೈಗೆ ಸಿಗುತ್ತದೆ.

ಮನೆಯವರನ್ನು ಕೇಳಿದೆ. ತೇವ ಸರ್, ಎಲ್ಲ ಮನೆಯಲ್ಲೂ ಇರುತ್ತದೆ ಅಂದರು. ಆಗ ಅವರ ತಾಯಿ ಚಹಾ ತಂದರು. ಲೋಟ ಕೆಳಗಿಟ್ಟು ಮಗನ ಮುಖ ನೋಡಲಿಲ್ಲ, ನನ್ನ ಮುಖ ನೋಡಿ ಹೇಳಿದರು: "ಎರಡು ರಾತ್ರಿ ಮಾಳಿಗೆ ಮೇಲೆ ಕೂತಿದ್ದೆವಪ್ಪಾ. ನಿನಗೂ ವಯಸ್ಸಾದ ತಾಯಿ ಇದ್ದಾಳೆ, ಅವತ್ತು ಬಂದಿದ್ದಳು. ಹೇಳದೇ ಇರುವುದಕ್ಕೆ ಆಗುವುದಿಲ್ಲ." ಮಗ ಸುಮ್ಮನಾದ. ಆಮೇಲೆ ಅವನೂ ಎಲ್ಲ ಹೇಳಿದ. ಮಕ್ಕಳ ಓದಿಗೆ ಹೊಸಪೇಟೆಗೆ ಹೋಗಬೇಕು, ನಿಜ ಹೇಳಿದರೆ ಯಾರೂ ಕೊಳ್ಳುವುದಿಲ್ಲ ಅಂತ ಹೆದರಿಕೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಚಹಾ ಕುಡಿದು ಬಂದೆ.

ಸಿರುಗುಪ್ಪದವನು · ಮೇ 18

ಆ ತಾಯಿಗೆ ನನ್ನ ನಮಸ್ಕಾರ ಹೇಳಿ.

ಕೋಟೆ ಸೊಸೆ · ಮೇ 18

ಅವರು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು ಅಣ್ಣಾ. ಅದಕ್ಕೇ ಹೋಗಿ ನೋಡಿ ಅಂದದ್ದು.

ಅದೇ ಓಣಿಯ ಮೇಲಿನ ತುದಿಯಲ್ಲಿ ಇನ್ನೊಂದು ಮನೆ ಇದೆ. ಹಳೇದು, ಕಲ್ಲಿನ ಗೋಡೆ. ಬೋರ್ಡು ಹಾಕಿಲ್ಲ, ಆದರೆ ಕೊಡುವ ಮನಸ್ಸಿದೆ. ಹಿತ್ತಲಲ್ಲಿ ಹೊಳೆ ಕಾಣುವುದಿಲ್ಲ. ಹಾಲಿನವರನ್ನು ಕೇಳಿದರೆ ತೋರಿಸುತ್ತಾರೆ.

ಗೌಂಡಿ ಮಗ · ಮೇ 19

ಅಲ್ಲಿಗೆ ಹೋಗುವಾಗ ನನಗೊಂದು ಮಾತು ಹೇಳಿ ಅಣ್ಣಾ. ಮಟ್ಟದ ಪೈಪು ತರುತ್ತೇನೆ. 41 ಇಂಚಿನ ಗೆರೆ ಸಿಕ್ಕಿದೆ ಅಲ್ವಾ, ಅದೇ ನಮಗೆ ಅಳತೆಗೋಲು. ಬಾಯಿಮಾತು ಬೇಕಾಗಿಲ್ಲ.

ಮಿಲ್ ಗುಮಾಸ್ತ · ಜೂನ್ 2

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗೌಂಡಿ ತಮ್ಮ ಹೇಳಿದ ಹಾಗೆ ಬಂದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ಪೈಪಿನಲ್ಲಿ ಮಟ್ಟ ಹಿಡಿಯುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ತಿಳಿ ಪ್ಲಾಸ್ಟಿಕ್ ಪೈಪು, ಒಳಗೆ ನೀರು, ಒಂದು ಗುಳ್ಳೆಯೂ ಇರಬಾರದು. ಒಂದು ತುದಿ ಕೆಳಗಿನ ಮನೆಯ ಹೊಸ್ತಿಲಲ್ಲಿ ನಾನು ಹಿಡಿದೆ, ಇನ್ನೊಂದು ತುದಿ ಹಿಡಿದು ಅವರು ಓಣಿ ಹತ್ತಿದರು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು. ಪೈಪು ಸಾಲದೇ ಏಳು ಸಲ ಜಾಗ ಬದಲಿಸಿದೆವು. ಕೆಳಗಿನ ಮನೆಯ ಹುಡುಗರು ಪೈಪು ಎತ್ತಿ ಹಿಡಿದರು. ಓಣಿಯ ಅರ್ಧ ಜನ ಹೊರಗೆ ಬಂದು ನಿಂತು ನೋಡಿದರು, ಒಬ್ಬರೂ ಬೇಡ ಅನ್ನಲಿಲ್ಲ.

ಮೇಲಿನ ಮನೆಯ ನೆಲ ಕೆಳಗಿನ ಮನೆಯ ನೆಲಕ್ಕಿಂತ 62 ಇಂಚು ಎತ್ತರ. ಗೆರೆ 41ರಲ್ಲಿ. ಅಂದರೆ 2019ರ ನೀರಿಗಿಂತ ಈ ನೆಲ 21 ಇಂಚು ಮೇಲೆ. ಆ ಮನೆಗೆ ಐದು ಮೆಟ್ಟಿಲು ಇವೆ, ಒಂದೊಂದೂ ಏಳು ಇಂಚು. ಓಣಿಯ ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿದ್ದೆ, ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ. ಮೂವರೂ ಎರಡನೇ ಮೆಟ್ಟಿಲು ಅಂದಿದ್ದರು. ಅದರ ಮೇಲೆ ಉಳಿದದ್ದು ಮೂರು ಮೆಟ್ಟಿಲು, ಏಳರಿಂದ ಗುಣಿಸಿ ನೋಡಿದರೆ ಅದೇ 21 ಬರುತ್ತದೆ. ಲೆಕ್ಕ ಹೊಂದಿದಾಗ ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ಸಂಕೋಚ ಇಲ್ಲ.

24 ಲಕ್ಷ ಹೇಳಿದ್ದಾರೆ. ರಿಪೇರಿಗೆ ಮೂರು ಲಕ್ಷ ಬೇಕಾಗಬಹುದು.

ಬಾಂಡ್ ಬರಹ · ಜೂನ್ 2

ಪತ್ರ?

ಮಿಲ್ ಗುಮಾಸ್ತ · ಜೂನ್ 2

ಎ ಖಾತಾ ಇದೆ. ದಿಶಾಂಕ್‌ನಲ್ಲಿ ಮುಂದೆ ಹಿಂದೆ ಎರಡೂ ಕಡೆ ಒಂದೇ ನಂಬರು ಬಂತು. 2004ರ ಹಿಂದಿನ ಇಸಿಗೆ ಅರ್ಜಿ ಹಾಕಿದ್ದೇನೆ. ಮಾರುವವರಿಗೆ ಇಬ್ಬರು ತಂಗಿಯರು, ಒಬ್ಬರು ಸಿಂಧನೂರಿನಲ್ಲಿ, ಒಬ್ಬರು ಕಾರಟಗಿಯಲ್ಲಿ. ಇಬ್ಬರೂ ಬಂದು ಸಹಿ ಹಾಕುವ ದಿನ ಗೊತ್ತಾಗುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಅಂತ ಹೇಳಿದ್ದೇನೆ.

ಸಿರುಗುಪ್ಪದವನು · ಜೂನ್ 3

ಅಣ್ಣಾ, ಒಂದೇ ಪ್ರಶ್ನೆ. 2019ಕ್ಕಿಂತ ಜಾಸ್ತಿ ಬಂದರೆ?

ಮಿಲ್ ಗುಮಾಸ್ತ · ಜೂನ್ 3

ಬರಬಹುದು ತಮ್ಮಾ. ಬರುವುದಿಲ್ಲ ಅಂತ ನಾನು ಅಂದುಕೊಂಡಿಲ್ಲ. ನಿಮ್ಮ ಅಪ್ಪನ ಮಾತು ಓದಿದ ಮೇಲೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಕೂತು ಮಾತಾಡಿ ಹೀಗೆ ಮಾಡಿಕೊಂಡಿದ್ದೇವೆ: ಹೊರಹರಿವು ಲಕ್ಷ ದಾಟಿತು ಅಂದರೆ, ಸೇತುವೆ ಇನ್ನೂ ತೆರೆದಿರುವಾಗಲೇ, ಅವ್ವನನ್ನು ಗಂಗಾವತಿಯ ಅಕ್ಕನ ಮನೆಗೆ ಬಿಟ್ಟು ಬರುವುದು. ಮೈಕು ಕೂಗುವವರೆಗೆ ಕಾಯುವುದಿಲ್ಲ. ಪತ್ರಗಳೆಲ್ಲ ಅಟ್ಟದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮೋರಿಗೆ ವಾಲ್ವು. ರಿಜಿಸ್ಟ್ರೇಶನ್ ಆದ ವಾರದಲ್ಲೇ ಮನೆಗೆ ವಿಮೆ. ಕಲ್ಲಿನ ಗೋಡೆ ಮಣ್ಣಿನಲ್ಲಿ ಕಟ್ಟಿದ್ದೋ ಗಾರೆಯಲ್ಲೋ ಅಂತ ನಿಮ್ಮ ಮಾತು ಓದಿಯೇ ಕೆರೆಸಿ ನೋಡಿದೆ. ಗಾರೆ ಇದೆ.

ಸಿರುಗುಪ್ಪದವನು · ಜೂನ್ 3

ಹಾಗಾದರೆ ಸರಿ. ನಾನಾಗಿದ್ದರೆ ಆದರೂ ತಗೊಳ್ಳುತ್ತಿರಲಿಲ್ಲ. ನಿಮಗೆ ಒಳ್ಳೆಯದಾಗಲಿ. ಲಕ್ಷ ಅಂದಿರಲ್ಲ, 80,000ಕ್ಕೇ ಕರೆದುಕೊಂಡು ಹೋಗಿ.

ಕಾಲುವೆ ಕಾಕಾ · ಜೂನ್ 3

ಹುಡುಗ ಹೇಳಿದ್ದು ಸರಿ. 80,000.

ಮಿಲ್ ಗುಮಾಸ್ತ · ಜೂನ್ 14

ಇಬ್ಬರು ತಂಗಿಯರೂ ಬಂದು ಸಹಿ ಹಾಕಿದರು. ನಿನ್ನೆ ರಿಜಿಸ್ಟ್ರೇಶನ್ ಆಯಿತು. ಇಲ್ಲಿ ಬರೆದವರಿಗೆಲ್ಲ ನಮ್ಮ ಮನೆಯವರೆಲ್ಲರ ನಮಸ್ಕಾರ.

ಐದು ಮೆಟ್ಟಿಲಿಗೆ ಕಂಬಿ ಹಾಕಿಸುತ್ತಿದ್ದೇವೆ, ಅವ್ವ ಹಿಡಿದುಕೊಂಡು ಹತ್ತಲು. ಹಿತ್ತಲಲ್ಲಿ ಹೊಳೆ ಇಲ್ಲ ಅಂತ ಅವಳು ಒಂದು ಮಾತೂ ಅನ್ನಲಿಲ್ಲ, ಆದರೆ ನನಗೆ ಗೊತ್ತಾಗುತ್ತದೆ. ಕೋಟೆ ಅಕ್ಕಾ, ನಿಮ್ಮ ಮನೆಯ ಹಿಂದೆ ಹೊಳೆ ಕಡೆ ಮುಖ ಮಾಡಿ ಒಂದು ಕಟ್ಟೆ ಇದೆ ಅಂತ ಹಾಲಿನವರು ಹೇಳಿದರು. ಬೆಳಿಗ್ಗೆ ಹೊತ್ತು ಅವ್ವ ಅಲ್ಲಿ ಬಂದು ಕೂರಬಹುದಾ?

ಕೋಟೆ ಸೊಸೆ · ಜೂನ್ 14

ಕೇಳಬೇಕಾ ಅಣ್ಣಾ. ಅತ್ತೆಯೂ ಅಲ್ಲೇ ಕೂತು ಸೊಪ್ಪು ಸೋಸುತ್ತಾರೆ, ಜೊತೆಯಾಗುತ್ತದೆ. ಏಳು ಗಂಟೆಯೊಳಗೆ ಕರೆದುಕೊಂಡು ಬನ್ನಿ, ಆಮೇಲೆ ಬಿಸಿಲು ಬರುತ್ತದೆ.